ಹುಳು ಕಲಿಸಿದ ಗರಗಸ

ಮೇ ತಿಂಗಳು ಮುಗಿಯುತ್ತ ಬಂದಂತೆ ಮುಂಬೈ, ಪುಣೆಯ ಬೀದಿಗಳಲ್ಲಿ ಒಂದು ಸದ್ದು ಶುರುವಾಗುತ್ತದೆ. ಮಳೆಗಾಲಕ್ಕೆ ಮೊದಲು ಮರಗಳ ಕೊಂಬೆ ಸವರುವ ಕೆಲಸ. ಸೊಸೈಟಿಯ ವಾಟ್ಸಾಪ್ ಗುಂಪಿನಲ್ಲಿ ‘ನಾಳೆ ಬೆಳಿಗ್ಗೆ ಕಾರುಗಳನ್ನು ಬೇರೆ ಕಡೆ ನಿಲ್ಲಿಸಿ’ ಎಂಬ ಸಂದೇಶ ಬರುತ್ತದೆ. ಮರುದಿನ ಹಗ್ಗ ಹಿಡಿದ ನಾಲ್ಕು ಜನ, ಒಂದು ಟೆಂಪೋ, ಕಿವಿ ತೂತಾಗುವಂತೆ ಅರಚುವ ಒಂದು ಚೈನ್ ಗರಗಸ. ಮಲೆನಾಡು, ಕೊಡಗಿನ ಕಡೆಯಿಂದ ಬಂದವರಿಗೆ ಈ ಸದ್ದು ಊರಲ್ಲೇ ಪರಿಚಯ. ತೋಟದ ನೆರಳಿನ ಮರ ಸವರುವಾಗ, ಗಾಳಿಗೆ ಬಿದ್ದ ಮರವನ್ನು ರಸ್ತೆಯಿಂದ ಎತ್ತುವಾಗ ಕೇಳುವುದು ಇದನ್ನೇ.

ಯಂತ್ರದವರು ಚಹಾಕ್ಕೆ ಕೂತಾಗ ಆ ಗರಗಸದ ಸರಪಳಿಯನ್ನು ಹತ್ತಿರದಿಂದ ನೋಡಿ. ಬಡಗಿಯ ಗರಗಸದಲ್ಲಿ ಇರುವಂಥ ಮೊನೆ ಹಲ್ಲುಗಳು ಅದರಲ್ಲಿಲ್ಲ. ಬದಲಿಗೆ ಒಳಕ್ಕೆ ಬಾಗಿದ, ಇಂಗ್ಲಿಷಿನ ‘ಸಿ’ ಅಕ್ಷರದಂಥ ಪುಟ್ಟ ಪುಟ್ಟ ಉಕ್ಕಿನ ಕೊಕ್ಕೆಗಳಿವೆ. ಒಂದು ಎಡಕ್ಕೆ ಬಾಗಿದ್ದರೆ ಮುಂದಿನದು ಬಲಕ್ಕೆ. ಇವತ್ತು ಜಗತ್ತಿನ ಬಹುತೇಕ ಎಲ್ಲ ಚೈನ್ ಗರಗಸಗಳ ಹಲ್ಲು ಹೀಗೇ ಇರುತ್ತದೆ. ಈ ಹಲ್ಲಿನ ಮೂಲ ಮಾದರಿ ಯಾವ ಇಂಜಿನಿಯರಿಂಗ್ ಕಾಲೇಜಿನಿಂದಲೂ ಬಂದದ್ದಲ್ಲ. ಅದು ಹಳೆಯ ಪೈನ್ ಮರಗಳ ಕೊರಡಿನೊಳಗೆ ವರ್ಷಗಟ್ಟಲೆ ಕತ್ತಲಲ್ಲಿ ಬದುಕುವ ಒಂದು ಹುಳುವಿನ ಬಾಯಿ.

ಸೌದೆ ಒಡೆಯುವಾಗ ಕಂಡದ್ದು

1946ರ ಶರತ್ಕಾಲ. ಅಮೆರಿಕದ ವಾಯವ್ಯ ಮೂಲೆಯ ಒರೆಗಾನ್ ರಾಜ್ಯ. ಮಳೆ, ಮಂಜು, ಮುಗಿಲಿಗೆ ಮುಟ್ಟುವ ಡಗ್ಲಸ್ ಫರ್ ಮತ್ತು ಪೈನ್ ಮರಗಳ ನಾಡು. ಮಹಾಯುದ್ಧ ಮುಗಿದು ಸೈನಿಕರು ಮನೆಗೆ ಮರಳಿದ್ದರು. ಊರೂರಿನಲ್ಲಿ ಹೊಸ ಮನೆಗಳು ಏಳುತ್ತಿದ್ದವು. ಮರಕ್ಕೆ ಎಲ್ಲಿಲ್ಲದ ಬೇಡಿಕೆ.

ಮರ ಕಡಿಯುವವರ ಬಳಿ ಆಗ ಪೆಟ್ರೋಲ್ ಗರಗಸಗಳು ಇರಲಿಲ್ಲವೆಂದಲ್ಲ. ಜರ್ಮನಿಯ ಆಂಡ್ರಿಯಾಸ್ ಸ್ಟೀಲ್ 1926ರಲ್ಲಿ ವಿದ್ಯುತ್ ಗರಗಸವನ್ನೂ 1929ರಲ್ಲಿ ಪೆಟ್ರೋಲ್ ಗರಗಸವನ್ನೂ ಮಾಡಿದ್ದರು. ಆದರೆ ಅವನ್ನು ಎತ್ತಲು ಇಬ್ಬರು ಬೇಕಿತ್ತು. ಯುದ್ಧದ ಹೊತ್ತಿಗೆ ಹಗುರ ಲೋಹ, ಸಣ್ಣ ಇಂಜಿನ್ ಬಂದು ಭಾರದ ತೊಂದರೆ ತಗ್ಗುತ್ತ ಬಂತು. ಉಳಿದ ತೊಂದರೆ ಸರಪಳಿಯದು. ಅದರ ಹಲ್ಲುಗಳನ್ನು ಇಬ್ಬರು ಎಳೆಯುವ ಹಳೆಯ ಗರಗಸದ ಮಾದರಿಯಲ್ಲೇ ಮಾಡಿದ್ದರು. ಕೆಲವು ಹಲ್ಲು ಮರದ ಮೇಲೆ ಎರಡೂ ಕಡೆ ಗೀರು ಎಳೆಯಬೇಕು, ಇನ್ನು ಕೆಲವು ನಡುವಿನ ಮರವನ್ನು ಕೆರೆದು ಹೊರಹಾಕಬೇಕು. ಕೈಯಲ್ಲಿ ನಿಧಾನವಾಗಿ ಎಳೆಯುವಾಗ ಈ ಏರ್ಪಾಡು ಚೆನ್ನಾಗಿಯೇ ನಡೆಯುತ್ತದೆ. ಇಂಜಿನ್ನಿನ ವೇಗಕ್ಕೆ ಸಿಕ್ಕಿದಾಗ ಹಲ್ಲು ಬೇಗ ಮೊಂಡಾಗುತ್ತಿತ್ತು. ಮರ ಚಕ್ಕೆಯಾಗಿ ಬರುವ ಬದಲು ಹುಡಿಹುಡಿಯಾಗಿ ಉದುರುತ್ತಿತ್ತು. ದಿನದ ದೊಡ್ಡ ಪಾಲು ಅರ ಹಾಕಿ ಹಲ್ಲು ಮಸೆಯುವುದರಲ್ಲೇ ಕಳೆಯುತ್ತಿತ್ತು.

ಜೋಸೆಫ್ ಬ್ಯೂಫೋರ್ಡ್ ಕಾಕ್ಸ್ ಇಂಥ ಗರಗಸ ಹಿಡಿದು ಪಳಗಿದ ಕೈ. ಈ ಸರಪಳಿಯ ಕಾಟಕ್ಕೆ ಏನಾದರೂ ದಾರಿ ಇದೆಯೇ ಎಂದು ತಲೆ ಕೆಡಿಸಿಕೊಂಡಿದ್ದವನು. ಒಂದು ದಿನ ಸೌದೆ ಒಡೆಯುತ್ತಿದ್ದಾಗ ಮರದ ಮೋಟಿನಲ್ಲಿ ಏನೋ ಅಲುಗಾಡಿದ್ದು ಕಂಡು ಕೊಡಲಿ ಬದಿಗಿಟ್ಟು ಬಗ್ಗಿ ನೋಡಿದ. ತೋರುಬೆರಳಿನಷ್ಟು ದಪ್ಪದ ಬೆಳ್ಳನೆಯ ಹುಳು. ನಮ್ಮ ಕಡೆ ಗೊಬ್ಬರದ ಗುಂಡಿಯಲ್ಲಿ ಸಿಗುವ ಗೊಣ್ಣೆ ಹುಳುವನ್ನು ಉದ್ದಕ್ಕೆ ಎಳೆದಂತೆ ಇರುತ್ತದೆ ಅದು. ಗಟ್ಟಿ ಮರವನ್ನು ಅದು ನಿರಾಯಾಸವಾಗಿ ಕೊರೆದು ಸಾಗುತ್ತಿತ್ತು. ಕಾಕ್ಸನನ್ನು ಹಿಡಿದು ನಿಲ್ಲಿಸಿದ್ದು ಇನ್ನೊಂದು ಸಂಗತಿ. ಮರದ ಎಳೆ ಹೋದ ದಿಕ್ಕಿನಲ್ಲೂ ಹುಳು ಕೊರೆಯುತ್ತಿತ್ತು, ಎಳೆಗೆ ಅಡ್ಡಡ್ಡಲಾಗಿಯೂ ಕೊರೆಯುತ್ತಿತ್ತು. ಬಡಗಿಗಳಿಗೆ ಗೊತ್ತು: ಎಳೆಯ ಉದ್ದಕ್ಕೆ ಸೀಳುವ ಗರಗಸದ ಹಲ್ಲೇ ಬೇರೆ, ಅಡ್ಡ ಕೊಯ್ಯುವ ಗರಗಸದ ಹಲ್ಲೇ ಬೇರೆ. ಈ ಹುಳುವಿಗೆ ಎರಡಕ್ಕೂ ಒಂದೇ ಬಾಯಿ ಸಾಕಾಗಿತ್ತು.

ಕಾಕ್ಸ್ ಆ ಬಾಯಿಯನ್ನು ಪರೀಕ್ಷಿಸಿದ. ಹುಳು ಮರವನ್ನು ಗೀರುತ್ತಿರಲಿಲ್ಲ. ಅದರ ದವಡೆಗಳು ನಮ್ಮವುಗಳಂತೆ ಮೇಲೆ ಕೆಳಗೆ ಆಡುವುದಿಲ್ಲ. ಎಡದಿಂದ ಒಂದು, ಬಲದಿಂದ ಒಂದು ಬಂದು ಕೂಡುತ್ತವೆ. ಎರಡೂ ಒಳಕ್ಕೆ ಬಾಗಿವೆ. ಹೀಗಾಗಿ ಮರ ಸಣ್ಣ ಸಣ್ಣ ಚಕ್ಕೆಗಳಾಗಿ ಎದ್ದು ಬರುತ್ತಿತ್ತು. ಪೋರ್ಟ್‌ಲೆಂಡ್‌ನ ತನ್ನ ಮನೆಯ ನೆಲಮಾಳಿಗೆಯಲ್ಲಿ ಕೂತು ಕಾಕ್ಸ್ ಅದೇ ಆಕಾರವನ್ನು ಉಕ್ಕಿನಲ್ಲಿ ತೆಗೆದ. ಒಂದು ಹಲ್ಲು ಎಡಕ್ಕೆ, ಒಂದು ಬಲಕ್ಕೆ. ಪ್ರತಿ ಹಲ್ಲಿನ ಮುಂದೆ ಒಂದು ಪುಟ್ಟ ಉಬ್ಬು. ಹಲ್ಲು ಒಂದು ಸಲಕ್ಕೆ ಎಷ್ಟು ಆಳ ಇಳಿಯಬೇಕು ಎಂದು ನಿರ್ಧರಿಸುವುದು ಅದು. 1947ರ ನವೆಂಬರಿನಲ್ಲಿ ಮೊದಲ ಸರಪಳಿಗಳು ಮಾರಾಟಕ್ಕೆ ಬಂದವು. ಅವನು ಕಟ್ಟಿದ ಒರೆಗಾನ್ ಸಾ ಚೈನ್ ಕಂಪನಿ ಮುಂದೆ ಹಲವು ಕೈ ಬದಲಾಯಿಸಿತು. ‘ಒರೆಗಾನ್’ ಎಂಬ ಹೆಸರಿನ ಸರಪಳಿ ಇಂದಿಗೂ ಭಾರತದ ಅಂಗಡಿಗಳಲ್ಲಿ ಸಿಗುತ್ತದೆ.

ಹೊಸ ಹಲ್ಲು ಬಡಗಿಯ ಉಜ್ಜುಗೊರಡಿನ ಹಾಗೆ ಕೆಲಸ ಮಾಡುತ್ತದೆ. ಮರವನ್ನು ಸೀಳಿ, ಎತ್ತಿ, ಚಕ್ಕೆಯಾಗಿ ಹೊರಗೆ ಎಸೆಯುತ್ತದೆ. ಮೊಂಡಾದರೆ ಕಾಡಿನಲ್ಲೇ ಕೂತು ಒಂದು ದುಂಡನೆಯ ಅರದಿಂದ ಮಸೆದುಕೊಳ್ಳಬಹುದು. ಗರಗಸದಿಂದ ಬರುವುದು ಚಕ್ಕೆಯೋ ಹುಡಿಯೋ ಎಂದು ನೋಡಿಯೇ ಹಲ್ಲು ಮೊಂಡಾಗಿದೆಯೇ ಎಂದು ಹೇಳುವುದು ಈಗಲೂ ಈ ಕೆಲಸದವರ ರೂಢಿ. ಹುಡಿ ಬಂದರೆ ಯಂತ್ರ ನಿಲ್ಲಿಸಿ ಅರ ಹುಡುಕಬೇಕು.

ಆ ಹುಳು ಯಾವುದು?

ಕಾಕ್ಸ್ ಅದನ್ನು ಸುಮ್ಮನೆ ‘ಟಿಂಬರ್ ಬೀಟಲ್‌’ನ ಮರಿ ಎಂದ. ಕೀಟಶಾಸ್ತ್ರದ ಪುಸ್ತಕಗಳಲ್ಲಿ ಅದರ ಹೆಸರು ಎರ್ಗೇಟಿಸ್ ಸ್ಪಿಕ್ಯುಲೇಟಸ್. ಈಚೆಗೆ ಟ್ರೈಕೋನೀಮಿಸ್ ಸ್ಪಿಕ್ಯುಲೇಟಸ್ ಎಂದೂ ಬರೆಯುತ್ತಾರೆ. ಉದ್ದ ಮೀಸೆಯ ದುಂಬಿಗಳ ದೊಡ್ಡ ಕುಟುಂಬ ಸೆರಾಂಬಿಸಿಡೇಗೆ ಸೇರಿದ್ದು. ಕೆನಡಾದ ಬ್ರಿಟಿಷ್ ಕೊಲಂಬಿಯಾದಿಂದ ಹಿಡಿದು ಮೆಕ್ಸಿಕೋವರೆಗೆ, ಪಶ್ಚಿಮ ಅಮೆರಿಕದ ಪೈನ್ ಮತ್ತು ಫರ್ ಕಾಡುಗಳೇ ಅದರ ಮನೆ.

ಬೆಳೆದ ದುಂಬಿ 4ರಿಂದ 6.5 ಸೆಂಟಿಮೀಟರ್ ಉದ್ದ. ಅಂಗೈಯಲ್ಲಿಟ್ಟರೆ ಭಾರ ಗೊತ್ತಾಗುತ್ತದೆ. ಬಣ್ಣ ಕೆಂಗಂದು, ಕೆಲವೊಮ್ಮೆ ಕಾಫಿಪುಡಿಯಷ್ಟು ಕಪ್ಪು. ಕತ್ತಿನ ಎರಡೂ ಬದಿಗೆ ಸಣ್ಣ ಮುಳ್ಳುಗಳ ಸಾಲು. ಉದ್ದನೆಯ ಮೀಸೆ. ಹಗಲೆಲ್ಲ ತೊಗಟೆಯ ಸಂದಿಯಲ್ಲಿ ಅಡಗಿದ್ದು ಕತ್ತಲಾದ ಮೇಲೆ ಹೊರಡುತ್ತದೆ. ಜುಲೈ, ಆಗಸ್ಟ್‌ನ ಸೆಕೆಯ ರಾತ್ರಿಗಳಲ್ಲಿ ಕಾಡಂಚಿನ ಮನೆಗಳ ದೀಪಕ್ಕೆ ಬಂದು ಬಡಿಯುವುದುಂಟು. ಹಿಡಿಯಹೋದರೆ ಚೆನ್ನಾಗಿಯೇ ಕಚ್ಚುತ್ತದೆ.

ಆದರೆ ಹಾರಾಡುವ ಈ ಬದುಕು ಕೆಲವೇ ವಾರಗಳದ್ದು. ಗಂಡು ಹೆಣ್ಣನ್ನು ಹುಡುಕಬೇಕು, ಹೆಣ್ಣು ಮೊಟ್ಟೆಯಿಡಲು ತಕ್ಕ ಮರ ಹುಡುಕಬೇಕು, ಅಷ್ಟೇ. ಅದಕ್ಕೆ ಬೇಕಾದದ್ದು ಸತ್ತ ಮರ: ಬಿದ್ದ ದಿಮ್ಮಿ, ಕಡಿದುಳಿದ ಮೋಟು, ಒಣಗಿಯೂ ನಿಂತಿರುವ ಕೊರಡು. ಪಾಂಡೆರೋಸಾ ಪೈನ್, ಡಗ್ಲಸ್ ಫರ್ ಅದಕ್ಕೆ ಹೆಚ್ಚು ಇಷ್ಟ. ತೊಗಟೆಯ ಬಿರುಕಿನಲ್ಲಿ ಇಟ್ಟ ಮೊಟ್ಟೆಯಿಂದ ಹೊರಬಂದ ಮರಿ ಮೊದಲು ತೊಗಟೆಯಡಿಯ ಎಳೆ ಮರವನ್ನು ತಿನ್ನುತ್ತದೆ. ಬಲಿತಂತೆ ಕೆಚ್ಚಿನೊಳಗೆ ಇಳಿಯುತ್ತದೆ. ಮುಂದಿನ ಹಲವು ವರ್ಷ ಅದರ ಲೋಕವೆಂದರೆ ತಾನೇ ಕೊರೆದ ಸುರಂಗ. ಕಾಲು ಹೆಸರಿಗಷ್ಟೇ ಇವೆ. ಬೆನ್ನು ಮತ್ತು ಹೊಟ್ಟೆಯ ಮೇಲಿನ ಮೆತ್ತನೆಯ ಉಬ್ಬುಗಳನ್ನು ಸುರಂಗದ ಗೋಡೆಗೆ ಒತ್ತಿಕೊಂಡು ಮುಂದೆ ಸರಿಯುತ್ತದೆ. ಕಡಿದ ಚಕ್ಕೆಯನ್ನು ಹಿಂದಕ್ಕೆ ತಳ್ಳಿ ದಾರಿ ಮುಚ್ಚುತ್ತದೆ. ಕೊನೆಗೆ ಏಳೆಂಟು ಸೆಂಟಿಮೀಟರ್ ಉದ್ದ ಬೆಳೆದು ಕೋಶವಾಗಿ, ದುಂಬಿಯಾಗಿ ಹೊರಬರುತ್ತದೆ.

ಇಷ್ಟು ವರ್ಷ ಯಾಕೆ ಬೇಕು ಎಂದರೆ ಅದರ ಊಟವೇ ಅಂಥದ್ದು. ಒಣ ಮರದಲ್ಲಿ ಸಾರಜನಕ ಅತ್ಯಲ್ಪ. ದೇಹ ಕಟ್ಟುವಷ್ಟು ಪೋಷಣೆ ಸಿಗಬೇಕಾದರೆ ರಾಶಿಗಟ್ಟಲೆ ಮರ ತಿನ್ನಬೇಕು. ದವಡೆ ಸವೆಯಬಾರದು. ಮರ ಕೊರೆಯುವ ಹಲವು ಕೀಟಗಳ ದವಡೆಯ ಅಂಚಿನಲ್ಲಿ ಸತು, ಮ್ಯಾಂಗನೀಸ್‌ನಂಥ ಲೋಹಗಳು ಸೇರಿ ಅಂಚು ಗಟ್ಟಿಯಾಗಿರುವುದನ್ನು ವಿಜ್ಞಾನಿಗಳು ಗುರುತಿಸಿದ್ದಾರೆ.

ಇದರ ಅಣ್ಣತಮ್ಮಂದಿರು ಯುರೋಪಿನಲ್ಲೂ ಇದ್ದಾರೆ. ಅಲ್ಲಿನ ಹಳೆಯ ಪೈನ್ ಮರಗಳ ಮೋಟುಗಳಲ್ಲಿ ಬೆಳೆಯುವ, ಇದರಂತೆಯೇ ರಾತ್ರಿ ಸಂಚರಿಸುವ ದುಂಬಿಯ ಹೆಸರು ಎರ್ಗೇಟಿಸ್ ಫೇಬರ್. ಗ್ರೀಕಿನಲ್ಲಿ ‘ಎರ್ಗೇಟಿಸ್’ ಎಂದರೆ ದುಡಿಮೆಗಾರ. ಲ್ಯಾಟಿನಿನಲ್ಲಿ ‘ಫೇಬರ್’ ಎಂದರೆ ಕಸುಬುದಾರ. ಎರಡು ಭಾಷೆ ಸೇರಿಸಿ ಅದನ್ನು ಕೈಕಸುಬಿನ ದುಡಿಮೆಗಾರ ಎಂದು ಕರೆದಿದ್ದಾರೆ. ಇಂಗ್ಲಿಷ್ ಆಡುವವರೂ ಪೈನ್ ಮರದ ಇಂಥ ದುಂಬಿಗಳನ್ನು ‘ಸಾಯರ್’ ಎಂದರು. ಅಂದರೆ ಗರಗಸ ಎಳೆಯುವವ. ಕಾಡಿನ ಜನರಿಗೆ ಈ ಹುಳುವಿನ ಕಸುಬು ಮೊದಲೇ ತಿಳಿದಿತ್ತು. ಅದರ ಉಪಕರಣ ಹೇಗಿದೆ ಎಂದು ಬಗ್ಗಿ ನೋಡಿದವನು ಕಾಕ್ಸ್.

ಸತ್ತ ಮರ ಯಾರದ್ದು?

ಮರದ ವ್ಯಾಪಾರಿಗಳಿಗೆ ಈ ಹುಳುವಿನ ಮೇಲೆ ಪ್ರೀತಿಯೇನೂ ಇರಲಿಲ್ಲ. 1933ರ ಆಗಸ್ಟಿನಲ್ಲಿ ಪೋರ್ಟ್‌ಲೆಂಡ್‌ನ ಪಶ್ಚಿಮದ ಟಿಲ್ಲಮೂಕ್ ಕಾಡಿಗೆ ಬೆಂಕಿ ಬಿದ್ದು ಸುಮಾರು 2,40,000 ಎಕರೆ ಸುಟ್ಟುಹೋಯಿತು. ಮುಂದೆ 1939, 1945, 1951ರಲ್ಲಿ ಅದೇ ಕಾಡು ಮತ್ತೆ ಮತ್ತೆ ಉರಿಯಿತು. ಬೆಂಕಿಯಲ್ಲಿ ಸತ್ತ ಡಗ್ಲಸ್ ಫರ್ ಮರಗಳ ಒಳಗೆ ಒಳ್ಳೆಯ ಮರ ಉಳಿದಿರುತ್ತದೆ. ಅದನ್ನು ಕಡಿದು ಸಾಗಿಸಬೇಕಾದರೆ ಶಿಲೀಂಧ್ರ ಮತ್ತು ಕೊರಕ ಹುಳುಗಳಿಗಿಂತ ಮುಂದಿರಬೇಕು. ಸುಟ್ಟು ಸತ್ತ ಮರದ ಕೆಚ್ಚಿಗೆ ನುಗ್ಗುವ ಹುಳುಗಳಲ್ಲಿ ನಮ್ಮ ಈ ದುಂಬಿಯ ಮರಿ ಪ್ರಮುಖ. ಮನುಷ್ಯನಿಗೂ ಹುಳುವಿಗೂ ಒಂದೇ ದಿಮ್ಮಿಯ ಮೇಲೆ ಕಣ್ಣು. ಕಾಕ್ಸನ ಸರಪಳಿ ಬಂದ ಮೇಲೆ ಆ ಪೈಪೋಟಿಯಲ್ಲಿ ಮನುಷ್ಯನ ಕೈ ಮೇಲಾಯಿತು.

ಆದರೆ ಕಾಡಿನ ಲೆಕ್ಕಪತ್ರ ಬೇರೆ. ಮರ ನೂರಾರು ವರ್ಷ ಮಣ್ಣಿನಿಂದ ಎಳೆದುಕೊಂಡ ಸತ್ವ ಸತ್ತ ಮೇಲೆ ಮಣ್ಣಿಗೆ ಮರಳಬೇಕು. ದಪ್ಪ ದಿಮ್ಮಿಯೊಳಗೆ ಶಿಲೀಂಧ್ರಕ್ಕೂ ನೀರಿಗೂ ದಾರಿ ತೆರೆಯುವುದು ಕೊರಕ ಹುಳುಗಳ ಸುರಂಗ. ಆ ಹುಳುಗಳಿಗಾಗಿ ಮರಕುಟಿಗ ಬಂದು ಕುಟ್ಟುತ್ತದೆ, ಕರಡಿ ಬಂದು ಕೊರಡು ಸಿಗಿಯುತ್ತದೆ. ಮರಕುಟಿಗ ಕೊರೆದು ಬಿಟ್ಟುಹೋದ ಪೊಟರೆಯಲ್ಲಿ ಗೂಬೆ, ಅಳಿಲು ಸಂಸಾರ ಹೂಡುತ್ತವೆ. ಫಿನ್ಲೆಂಡಿನ ಕಾಡುಗಳಲ್ಲಿ ಲೆಕ್ಕ ಹಾಕಿದವರು ಅಲ್ಲಿನ ಕಾಡುಜೀವಿಗಳಲ್ಲಿ ಶೇ. 20ರಿಂದ 25ರಷ್ಟು ಜಾತಿಗಳು ಸತ್ತ ಮರವನ್ನು ನಂಬಿವೆ ಎಂದು ಕಂಡುಕೊಂಡರು. 2021ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂದ ಅಧ್ಯಯನವೊಂದು 6 ಖಂಡಗಳ 55 ಕಾಡುಗಳಲ್ಲಿ ಮರದ ತುಂಡುಗಳನ್ನಿಟ್ಟು ಪರೀಕ್ಷಿಸಿತು. ಕೆಲವನ್ನು ಕೀಟ ಒಳಹೋಗದಂತೆ ಬಲೆಯಲ್ಲಿ ಮುಚ್ಚಿತ್ತು, ಕೆಲವನ್ನು ಹಾಗೇ ಬಿಟ್ಟಿತ್ತು. ಜಗತ್ತಿನಲ್ಲಿ ಸತ್ತ ಮರದಿಂದ ವರ್ಷಕ್ಕೆ ಬಿಡುಗಡೆಯಾಗುವ ಇಂಗಾಲದಲ್ಲಿ ಸುಮಾರು ಶೇ. 29ರಷ್ಟಕ್ಕೆ ಕೀಟಗಳ ದುಡಿಮೆ ಕಾರಣ ಎಂಬುದು ಅದರ ಅಂದಾಜು.

ಸತ್ತ ಮರವೆಂದರೆ ಯಾವುದೋ ಒಂದು ಒಣಕಟ್ಟಿಗೆಯಾದರೆ ಸಾಲದು ಎಂಬುದು ಇಲ್ಲಿಯ ಕಷ್ಟ. ಬೆರಳುದ್ದದ ಹುಳು ಐದಾರು ವರ್ಷ ತಿಂದರೂ ಮುಗಿಯದಷ್ಟು ದಪ್ಪದ ಕೊರಡು ಬೇಕು. ಅಂಥ ಕೊರಡು ಆಗಬೇಕಾದರೆ ಮರ ಮೊದಲು ಮುದಿಯಾಗಬೇಕು. ತೋಪು ಬೆಳೆಸಿ ಹರೆಯದಲ್ಲೇ ಕಡಿದು ಸಾಗಿಸುವ ಕಡೆ ಮುದಿ ಮರವೇ ಇರುವುದಿಲ್ಲ. ಯುರೋಪಿನಲ್ಲಿ ಸತ್ತ ಮರವನ್ನು ನಂಬಿದ ಸುಮಾರು 700 ಜಾತಿಯ ದುಂಬಿಗಳ ಸ್ಥಿತಿಯನ್ನು ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟ 2018ರಲ್ಲಿ ಪರಿಶೀಲಿಸಿತು. ಶೇ. 18ರಷ್ಟು ಅಳಿವಿನ ಅಂಚಿಗೆ ಬಂದಿದ್ದವು. ಮುಖ್ಯ ಕಾರಣವಾಗಿ ಅದು ಹೇಳಿದ್ದು ದೊಡ್ಡ, ಹಳೆಯ ಮರಗಳು ಇಲ್ಲವಾಗುತ್ತಿರುವುದನ್ನು.

ಒರೆಗಾನ್ ಕಡೆಯವರು ಈ ಪಾಠ ಕಲಿತದ್ದು ಒಂದು ಗೂಬೆಯ ನೆಪದಲ್ಲಿ. ಹಳೆಯ ಕಾಡಿನ ಪೊಟರೆಗಳಲ್ಲಿ ಗೂಡು ಮಾಡುವ ಚುಕ್ಕೆ ಗೂಬೆಯನ್ನು 1990ರಲ್ಲಿ ಅಪಾಯದಲ್ಲಿರುವ ಜೀವಿಗಳ ಪಟ್ಟಿಗೆ ಸೇರಿಸಿದರು. ಮರ ಕಡಿಯುವ ಕೆಲಸವನ್ನೇ ನಂಬಿದ್ದ ಊರುಗಳಲ್ಲಿ ದೊಡ್ಡ ಗಲಾಟೆಯಾಯಿತು. 1994ರಲ್ಲಿ ಸುಮಾರು 2.4 ಕೋಟಿ ಎಕರೆ ಸರ್ಕಾರಿ ಕಾಡಿಗೆ ಹೊಸ ಯೋಜನೆ ಬಂತು. ಮರ ಕಡಿಯುವ ಜಾಗದಲ್ಲೂ ಒಂದಷ್ಟು ಒಣಗಿ ನಿಂತ ಮರಗಳನ್ನು, ಬಿದ್ದ ದಿಮ್ಮಿಗಳನ್ನು ಹಾಗೇ ಬಿಡಬೇಕು ಎಂಬುದು ಅದರಲ್ಲಿ ಒಂದು ನಿಯಮ. ಹಿಂದಿನ ತಲೆಮಾರು ಕಸ ಎಂದು ಸುಟ್ಟದ್ದನ್ನು ಈ ತಲೆಮಾರು ಎಣಿಸಿ ಕಾಯಬೇಕಾಗಿ ಬಂತು.

ನಮ್ಮ ತೋಟದ ಕೊರಕ

ಇಷ್ಟು ಓದಿದ ಚಿಕ್ಕಮಗಳೂರಿನವರೋ ಕೊಡಗಿನವರೋ ಈಗ ಮುಖ ಸಿಂಡರಿಸಿರುತ್ತಾರೆ. ಮರ ಕೊರೆಯುವ ಹುಳುವನ್ನು ಹೊಗಳುವುದೆಂದರೆ! ಅವರ ಸಿಟ್ಟು ನ್ಯಾಯವೇ. ಅರೇಬಿಕಾ ಕಾಫಿಯ ಗಿಡಗಳನ್ನು ಒಳಗಿಂದ ತಿಂದು ಒಣಗಿಸುವ ಬಿಳಿ ಕಾಂಡಕೊರಕವೂ ಇದೇ ಉದ್ದ ಮೀಸೆಯ ಕುಟುಂಬದ್ದು. ಗಿಡ ಹಳದಿಯಾಗಿ ಬಾಡಿದಾಗ ಕಿತ್ತು ಸುಡುವುದಲ್ಲದೆ ಬೇರೆ ದಾರಿ ಇರುವುದಿಲ್ಲ. ವರ್ಷಗಟ್ಟಲೆ ಸಾಕಿದ ಗಿಡವನ್ನು ಹಾಗೆ ಕೀಳುವ ನೋವು ತೋಟದವರಿಗೇ ಗೊತ್ತು.

ಒಂದೇ ಕುಟುಂಬವಾದರೂ ಇವೆರಡರ ಸ್ವಭಾವ ಬೇರೆ. ಒರೆಗಾನಿನದು ರಾತ್ರಿ ಸಂಚಾರಿ, ಸತ್ತ ಮರದ್ದು. ಕಾಫಿಯದು ಹಗಲಿನದು, ಜೀವಂತ ಗಿಡದ್ದು, ಅದಕ್ಕೆ ಬಿಸಿಲೆಂದರೆ ಪ್ರೀತಿ. ಹೆಣ್ಣು ದುಂಬಿ ಬಿಸಿಲು ಬಿದ್ದ ಕಾಂಡವನ್ನು ಹುಡುಕಿ ಮೊಟ್ಟೆಯಿಡುತ್ತದೆ. ಅದಕ್ಕೇ ಕಾಫಿ ಮಂಡಳಿಯ ವಿಜ್ಞಾನಿಗಳು ಕೊರಕದ ಕಾಟ ತಗ್ಗಿಸಲು ತೋಟದಲ್ಲಿ ಸರಿಯಾದ ನೆರಳು ಇರಬೇಕು ಎಂದು ಹೇಳುತ್ತ ಬಂದಿರುವುದು. ಅತಿಯಾಗಿ ಮರ ಸವರಿ ಬಿಸಿಲು ಬಿಟ್ಟರೆ ಕೊರಕಕ್ಕೆ ಬಾಗಿಲು ತೆರೆದಂತೆ. ಇಲ್ಲಿಯೂ ಮಾತು ಬಂದು ನಿಲ್ಲುವುದು ಗರಗಸವನ್ನು ಎಷ್ಟು ಓಡಿಸಬೇಕು, ಎಲ್ಲಿ ನಿಲ್ಲಿಸಬೇಕು ಎಂಬಲ್ಲಿಗೇ.

ಮತ್ತೆ ಸೊಸೈಟಿಯ ಅಂಗಳಕ್ಕೆ

ನಿಲ್ಲಿಸುವುದು ಸುಲಭವಲ್ಲ. ಚೈನ್ ಗರಗಸದ ಗುಣವೇ ವೇಗ. ಮಹಾರಾಷ್ಟ್ರದ ನಗರಗಳಲ್ಲಿ ಅನುಮತಿಯಿಲ್ಲದೆ ಮರ ಕಡಿಯಬಾರದೆಂಬ ಕಾನೂನು 1975ರಿಂದ ಇದೆ. ಅರ್ಜಿ, ನೋಟಿಸು, ಆಕ್ಷೇಪಣೆ, ವಿಚಾರಣೆ ಎಲ್ಲವೂ ಮನುಷ್ಯರ ನಡಿಗೆಯಲ್ಲಿ ಸಾಗುತ್ತವೆ. 2019ರ ಅಕ್ಟೋಬರ್ 4ರಂದು ಬಾಂಬೆ ಹೈಕೋರ್ಟ್ ಆರೆಯ ಮೆಟ್ರೋ ಕಾರ್‌ಶೆಡ್ ವಿರುದ್ಧದ ಅರ್ಜಿಗಳನ್ನು ತಳ್ಳಿಹಾಕಿತು. ಅದೇ ರಾತ್ರಿ ಗರಗಸಗಳು ಶುರುವಾದವು. 7ನೇ ತಾರೀಖು ಸುಪ್ರೀಂ ಕೋರ್ಟ್ ಕಡಿತ ನಿಲ್ಲಿಸುವಂತೆ ಹೇಳುವ ಹೊತ್ತಿಗೆ 2,141 ಮರ ಉರುಳಿದ್ದವು. ಆ ಯೋಜನೆ ಬೇಕೇ ಬೇಡವೇ ಎಂಬುದರಲ್ಲಿ ನಮ್ಮ ನಮ್ಮಲ್ಲೇ ಎರಡು ಅಭಿಪ್ರಾಯ ಇರಬಹುದು. ಆದರೆ ಕೊಡಲಿಯ ಕಾಲದಲ್ಲಾಗಿದ್ದರೆ ಮೂರು ದಿನದಲ್ಲಿ ಅಷ್ಟು ಮರ ಬೀಳುತ್ತಿರಲಿಲ್ಲ. ಮಾತು ಮುಗಿಯುವಷ್ಟು ಸಮಯವಾದರೂ ಸಿಗುತ್ತಿತ್ತು.

ನಗರದಲ್ಲಿ ಒಣ ಮರವನ್ನು ಕಾಡಿನಂತೆ ನಿಲ್ಲಿಸಿಡಿ ಎಂದು ಯಾರೂ ಹೇಳಲಾರರು. ಮುಂಬೈಯ ಮಳೆಗಾಳಿಗೆ ಕೊಂಬೆ ಮುರಿದು ಜನ ಸತ್ತ ಸುದ್ದಿ ಪ್ರತಿ ಮಳೆಗಾಲ ಓದುತ್ತೇವೆ. ಅಪಾಯದ ಕೊಂಬೆ ತೆಗೆಯಲೇಬೇಕು. ಆದರೆ ಕಡಿದ ಮೇಲೆ ಎಲ್ಲವನ್ನೂ ಟೆಂಪೋಗೆ ತುಂಬಬೇಕಾಗಿಲ್ಲ. ಜನ ಓಡಾಡದ ಮೂಲೆಯಲ್ಲಿ, ಉದ್ಯಾನದ ಹಿಂಭಾಗದಲ್ಲಿ, ಕಾಂಪೌಂಡಿನ ಪಕ್ಕದಲ್ಲಿ ಒಂದೆರಡು ದಪ್ಪ ತುಂಡುಗಳನ್ನು ಮಣ್ಣಿಗೆ ತಾಗಿಸಿ ಮಲಗಿಸಿಟ್ಟರೆ ಸಾಕು. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಅಣಬೆ ಏಳುತ್ತದೆ, ತೊಗಟೆ ಸಡಿಲವಾಗುತ್ತದೆ, ಅದರಡಿಯಲ್ಲಿ ಏನೇನೋ ಹರಿದಾಡುತ್ತವೆ. ಮಕ್ಕಳಿಗೆ ರಜೆಯಲ್ಲಿ ತೋರಿಸಲು ಮೊಬೈಲಿನಾಚೆಗೂ ಒಂದು ಲೋಕ ಸಿಕ್ಕಂತಾಗುತ್ತದೆ. ಮನೆಯ ಮರದ ಸಾಮಾನಿಗೆ ಗೆದ್ದಲಿನ ಭಯವಿದ್ದರೆ ಕಟ್ಟಡದಿಂದ ದೂರ ಇಡಿ. ಮಾಲಿ ‘ಕಸ’ ಎಂದು ಎತ್ತಿ ಹಾಕದಂತೆ ಹೇಳಿಡಿ.

ಮುಂದಿನ ಮೇ ತಿಂಗಳಲ್ಲಿ ಗರಗಸದವರು ಬಂದಾಗ ಅವರು ಯಂತ್ರ ನಿಲ್ಲಿಸುವವರೆಗೆ ಕಾಯಿರಿ. ಅವರಲ್ಲೊಬ್ಬ ಮರದ ಬುಡದಲ್ಲಿ ಕೂತು, ಸರಪಳಿಯನ್ನು ಮೊಣಕಾಲಿನ ಮೇಲಿಟ್ಟುಕೊಂಡು, ದುಂಡನೆಯ ಅರದಿಂದ ಒಂದೊಂದೇ ಹಲ್ಲನ್ನು ಮಸೆಯುತ್ತಿರುತ್ತಾನೆ. ಎಡದ ಹಲ್ಲು, ಬಲದ ಹಲ್ಲು, ಮತ್ತೆ ಎಡದ್ದು. ಅದು ಯಾರ ಬಾಯಿಯ ನಕಲು ಎಂದು ಅವನಿಗೆ ಹೇಳಿ. ಹಾಗೆಯೇ ಕಡಿದ ದಪ್ಪ ಕಾಂಡದ ಎರಡು ತುಂಡನ್ನು ಅಲ್ಲೇ ಬಿಟ್ಟುಹೋಗಲು ಕೇಳಿ. ಟೆಂಪೋದ ಭಾರ ಅಷ್ಟು ಕಡಿಮೆಯಾದರೆ ಅವನೇನೂ ಬೇಡ ಅನ್ನುವುದಿಲ್ಲ.